ಈಸ್ಟರ್ ಮೊಟ್ಟೆಯೊಳಗೆ ಪುತ್ತೂರಿನ ತೋಟ

ಮಾರ್ಚ್ ಕೊನೆಯ ಒಂದು ಶನಿವಾರ ನೊಯಿಡಾದ ಮಾಲ್ ಒಂದರಲ್ಲಿ ಆರು ವರ್ಷದ ಮಗಳು ಕಪಾಟಿನೆದುರು ನಿಂತುಬಿಟ್ಟಳು. ಕಪಾಟಿನ ತುಂಬ ಬಣ್ಣದ ಕಾಗದ ಸುತ್ತಿದ ಚಾಕೊಲೇಟ್ ಮೊಟ್ಟೆಗಳು. ನಡುವೆ ಕುತ್ತಿಗೆಗೆ ಕೆಂಪು ರಿಬ್ಬನ್ ಕಟ್ಟಿಕೊಂಡ ಚಿನ್ನದ ಬಣ್ಣದ ಮೊಲ. "ಅಪ್ಪಾ, ಮೊಲ ಮೊಟ್ಟೆ ಇಡ್ತದಾ?" ಎಂದಳು. ಇಲ್ಲ ಎಂದೆ. "ಮತ್ತೆ ಇದು ಯಾಕೆ ಇಲ್ಲಿ ಕೂತಿದೆ?" ಎಂದಳು. ನನ್ನಲ್ಲಿ ಉತ್ತರ ಇರಲಿಲ್ಲ.

ನಮ್ಮದು ಮೊಟ್ಟೆ ಮುಟ್ಟದ ಮನೆ. ಅಭ್ಯಾಸಬಲದಿಂದ ಪೊಟ್ಟಣ ತಿರುಗಿಸಿ ನೋಡಿದೆ. ಹಸಿರು ಚುಕ್ಕೆ ಇತ್ತು. ಹೆಸರು ಮೊಟ್ಟೆ, ಕಾನೂನಿನ ಲೆಕ್ಕದಲ್ಲಿ ಅಪ್ಪಟ ಸಸ್ಯಾಹಾರ! ಒಂದು ಕೊಂಡು ತಂದೆವು. ರಾತ್ರಿ ಪುತ್ತೂರಿಗೆ ವಿಡಿಯೊ ಕಾಲ್ ಮಾಡಿದಾಗ ಮಗಳು ಅದನ್ನು ಅಜ್ಜನಿಗೆ ತೋರಿಸಿದಳು. ಅಪ್ಪ ಕನ್ನಡಕ ಸರಿಮಾಡಿಕೊಂಡು ಕೇಳಿದ್ದು ಒಂದೇ ಮಾತು: "ಅದರಲ್ಲಿರುವುದು ಯಾವ ಊರಿನ ಕೊಕ್ಕೊ? ಹಿಂದೆ ಬರೆದದ್ದು ಓದು ನೋಡುವ."

ಓದಿದೆ. ಸಕ್ಕರೆ, ಹಾಲಿನ ಪುಡಿ, ಕೊಕ್ಕೊ ಎಲ್ಲ ಇತ್ತು, ಊರಿನ ಹೆಸರಿರಲಿಲ್ಲ. ಮೊಮ್ಮಗಳ ಪ್ರಶ್ನೆ ಒಂದು, ಅಜ್ಜನ ಪ್ರಶ್ನೆ ಇನ್ನೊಂದು. ಮುಂದಿನ ವಾರವೆಲ್ಲ ನಾನು ಈ ಎರಡರ ಹಿಂದೆ ಬಿದ್ದೆ.

ಉಪವಾಸ ತಿಳಿಯದ ಕೋಳಿ

ಮೊದಲು ಕೇಳಿದ್ದು ನಮ್ಮದೇ ಮಹಡಿಯ ಆಂಟಿಯನ್ನು. ಬಂಟ್ವಾಳ ಕಡೆಯ ಕೊಂಕಣಿ ಕ್ರೈಸ್ತರು. ಎಂಬತ್ತರ ದಶಕದಲ್ಲಿ ನರ್ಸ್ ಕೆಲಸಕ್ಕೆಂದು ದೆಹಲಿಗೆ ಬಂದು, ನಿವೃತ್ತಿಯಾದ ಮೇಲೂ ಇಲ್ಲೇ ಉಳಿದವರು. ನಮ್ಮ ಟವರಿನಲ್ಲಿ ತುಳು ಮಾತಾಡಲು ನನಗೆ ಸಿಗುವ ಒಬ್ಬರೇ ಜನ. ಅವರ ಬಾಯಲ್ಲಿ ಈಸ್ಟರ್ ಎಂಬ ಮಾತು ಬರುವುದಿಲ್ಲ. 'ಪಾಸ್ಕಾಂಚೆಂ ಫೆಸ್ತ್' ಎನ್ನುತ್ತಾರೆ.

ಹಳೆಯ ಹೆಸರು ಅದೇ. ಯೆಹೂದ್ಯರ 'ಪೆಸಾಖ್' ಹಬ್ಬದಿಂದ ಬಂದದ್ದು. ಪೋರ್ಚುಗೀಸರು 'ಪಾಸ್ಕೊವ' ಎನ್ನುತ್ತಾರೆ, ಫ್ರೆಂಚರು 'ಪಾಕ್' ಎನ್ನುತ್ತಾರೆ. ಈಸ್ಟರ್ ಎಂಬ ಹೆಸರು ಇಂಗ್ಲಿಷ್, ಜರ್ಮನ್ ಕಡೆಯದ್ದು. ಬೀಡ್ ಎಂಬ ಇಂಗ್ಲಿಷ್ ಸನ್ಯಾಸಿ 725ರಲ್ಲಿ ಬರೆದ ಕಾಲಗಣನೆಯ ಪುಸ್ತಕದಲ್ಲಿ, ಈ ತಿಂಗಳಿಗೆ ಹಿಂದೆ ಇಯೋಸ್ಟ್ರೆ ಎಂಬ ದೇವಿಯ ಹೆಸರಿತ್ತು ಎಂದು ಒಂದೆರಡು ವಾಕ್ಯದಲ್ಲಿ ಹೇಳಿದ್ದಾನೆ. ಆ ದೇವಿಯ ಬಗ್ಗೆ ಇರುವ ಹಳೆಯ ಬರಹ ಅಷ್ಟೇ. ಪ್ರತಿವರ್ಷ ವಾಟ್ಸ್ಆ್ಯಪ್‌ನಲ್ಲಿ 'ಈಸ್ಟರ್ ಅಂದರೆ ಬ್ಯಾಬಿಲೋನಿನ ಇಶ್ತಾರ್ ದೇವಿ' ಎಂಬ ಸಂದೇಶ ತಿರುಗುತ್ತದಲ್ಲ, ಅದು ಬರೀ ಉಚ್ಚಾರದ ಹೋಲಿಕೆ ಹಿಡಿದು ಕಟ್ಟಿದ ಕತೆ. ನಮ್ಮ ಅಪಾರ್ಟ್‌ಮೆಂಟ್ ಗುಂಪಿಗೂ ಈ ವರ್ಷ ಬಂತು. ಆಂಟಿ ಅದಕ್ಕೆ ಕೈಮುಗಿಯುವ ಚಿತ್ರ ಹಾಕಿ ಸುಮ್ಮನಾದರು.

ಮೊಟ್ಟೆಯ ಕತೆ ಇದಕ್ಕಿಂತ ಸರಳ, ಹೆಚ್ಚು ನಂಬುವಂಥದ್ದೂ ಹೌದು. ಹಬ್ಬಕ್ಕೆ ಮೊದಲಿನ 40 ದಿನ ತಪಸ್ಸಿನ ಕಾಲ. ಮಧ್ಯಯುಗದ ಯುರೋಪಿನಲ್ಲಿ ಆ ದಿನಗಳಲ್ಲಿ ಮಾಂಸದ ಜತೆಗೆ ಹಾಲು, ಬೆಣ್ಣೆ, ಮೊಟ್ಟೆಗಳೂ ನಿಷಿದ್ಧ. ನಮ್ಮಲ್ಲಿ ಚಾತುರ್ಮಾಸ್ಯಕ್ಕೆ ಒಂದೊಂದು ತಿಂಗಳು ಒಂದೊಂದು ಪದಾರ್ಥ ಬಿಡುವಂತೆ. ಆದರೆ ಕೋಳಿಗೆ ತಪಸ್ಸು ಗೊತ್ತೇ? ಅದು ತನ್ನ ಪಾಡಿಗೆ ಇಡುತ್ತಲೇ ಹೋಯಿತು. ಜನ ಬೇಯಿಸಿ ಇಟ್ಟುಕೊಂಡರು. ಉಪವಾಸ ಮುಗಿದ ದಿನ ರಾಶಿ ರಾಶಿ ಮೊಟ್ಟೆ! ಬಣ್ಣ ಬಳಿದು ಹಂಚುವುದು ಶುರುವಾಯಿತು. 1290ರಲ್ಲಿ ಇಂಗ್ಲೆಂಡಿನ ದೊರೆ ಒಂದನೇ ಎಡ್ವರ್ಡ್ ಹಂಚಲಿಕ್ಕೆಂದು 450 ಮೊಟ್ಟೆ ತರಿಸಿದ್ದು ಅರಮನೆಯ ಲೆಕ್ಕದ ಪುಸ್ತಕದಲ್ಲಿದೆ. ಪೂರ್ವದ ಚರ್ಚುಗಳಲ್ಲಿ ಮೊಟ್ಟೆಗೆ ಕೆಂಪು ಬಣ್ಣವೇ ಆಗಬೇಕು. ಅದು ಏಸುವಿನ ರಕ್ತದ ಗುರುತು. ಚಿಪ್ಪು ಒಡೆದು ಜೀವ ಹೊರಬರುವುದು ಸಮಾಧಿಯಿಂದ ಎದ್ದು ಬಂದದ್ದರ ಸಂಕೇತವೂ ಆಯಿತು.

ಮೊಲ ಮಾತ್ರ ತಡವಾಗಿ ಬಂದ ನೆಂಟ. ಜರ್ಮನಿಯ ವೈದ್ಯ ಗೇಯಾರ್ಗ್ ಫ್ರಾಂಕ್ 1682ರಲ್ಲಿ ಈಸ್ಟರ್ ಮೊಟ್ಟೆಯ ಮೇಲೆ ಲ್ಯಾಟಿನ್ ಪ್ರಬಂಧವೊಂದನ್ನು ಪ್ರಕಟಿಸಿದ. ಅಲ್ಸಾಸ್ ಮತ್ತು ಸುತ್ತಲಿನ ಸೀಮೆಯಲ್ಲಿ, ಮೊಲ ಬಂದು ಹುಲ್ಲಿನ ನಡುವೆ ಮೊಟ್ಟೆ ಅಡಗಿಸಿಟ್ಟಿದೆ ಎಂದು ದೊಡ್ಡವರು ಮಕ್ಕಳನ್ನು ನಂಬಿಸಿ, ಹುಡುಕಿಸಿ ನಗುತ್ತಾರೆ ಎಂದು ಅದರಲ್ಲಿದೆ. ಒಂದೇ ಸಲ ಹೆಚ್ಚು ಮೊಟ್ಟೆ ತಿಂದರೆ ಹೊಟ್ಟೆ ಕೆಡುತ್ತದೆ ಎಂಬ ಎಚ್ಚರಿಕೆಯೂ ಇದೆ. ವೈದ್ಯನಲ್ಲವೇ! ಹದಿನೆಂಟನೇ ಶತಮಾನದಲ್ಲಿ ಪೆನ್ಸಿಲ್ವೇನಿಯಕ್ಕೆ ವಲಸೆ ಹೋದ ಜರ್ಮನರು ಆ ಮೊಲವನ್ನೂ ಕರೆದುಕೊಂಡು ಹೋದರು. ಮಕ್ಕಳು ಟೋಪಿಗಳನ್ನೇ ಗೂಡು ಮಾಡಿ ಮೊಲಕ್ಕಾಗಿ ಕಾಯುತ್ತಿದ್ದರಂತೆ. ಮಗಳಿಗೆ ಇದನ್ನು ಹೇಳಿದೆ. "ಅಂದ್ರೆ ದೊಡ್ಡವರು ಸುಳ್ಳು ಹೇಳಿದ್ದು" ಎಂದು ಒಂದೇ ವಾಕ್ಯದಲ್ಲಿ ಮುಗಿಸಿದಳು.

ಹೋಳಿಗೋ ಹನುಮ ಜಯಂತಿಗೋ

ಹಬ್ಬ ಒಂದು ವರ್ಷ ಮಾರ್ಚಿಗೆ, ಇನ್ನೊಂದು ವರ್ಷ ಏಪ್ರಿಲಿಗೆ ಬರುವುದು ಯಾಕೆ? ಇದು ನನ್ನ ಕಸುಬಿಗೆ ಹತ್ತಿರದ ಪ್ರಶ್ನೆ. 325ರ ನೈಸಿಯಾ ಸಭೆ ಎಲ್ಲರೂ ಒಂದೇ ಭಾನುವಾರ ಆಚರಿಸಬೇಕೆಂದು ತೀರ್ಮಾನಿಸಿತು. ಬಳಿಕ ಗಟ್ಟಿಯಾದ ನಿಯಮ ಇದು: ಮಾರ್ಚ್ 21 ಅಥವಾ ಅದರ ನಂತರ ಬರುವ ಮೊದಲ ಹುಣ್ಣಿಮೆ ಕಳೆದ ಮೇಲಿನ ಭಾನುವಾರ. ಹುಣ್ಣಿಮೆಯನ್ನು ಆಕಾಶ ನೋಡಿ ಅಲ್ಲ, ಕೋಷ್ಟಕ ನೋಡಿ ನಿರ್ಧರಿಸುತ್ತಾರೆ. ಹಾಗಾಗಿ ಈಸ್ಟರ್ ಮಾರ್ಚ್ 22ಕ್ಕಿಂತ ಮೊದಲು ಬರುವುದಿಲ್ಲ, ಏಪ್ರಿಲ್ 25 ದಾಟುವುದಿಲ್ಲ. ಗಣಿತಜ್ಞ ಗೌಸ್ 1800ರಲ್ಲಿ ಇದಕ್ಕೆ ಭಾಗಾಕಾರದ ಶೇಷಗಳಲ್ಲೇ ಮುಗಿಯುವ ಸೂತ್ರ ಕೊಟ್ಟ. ಕಂಪ್ಯೂಟರ್ ವಿಜ್ಞಾನಿ ಡೊನಾಲ್ಡ್ ಕ್ನೂತ್ ತಮ್ಮ ಪ್ರಸಿದ್ಧ ಗ್ರಂಥದ ಮೊದಲ ಸಂಪುಟದಲ್ಲಿ ಇದನ್ನು ಅಭ್ಯಾಸಕ್ಕೆ ಇಟ್ಟಿದ್ದಾರೆ. ಎಂ.ಟೆಕ್. ಓದುವಾಗ ನಾನೂ ಆ ಪ್ರೋಗ್ರಾಂ ಬರೆದಿದ್ದೆ. ಲೆಕ್ಕ ಸರಿ ಬಂತು, ಅಂಕ ಸಿಕ್ಕಿತು. ಹಬ್ಬ ಯಾವುದೆಂದು ಯಾರು ಕೇಳಿದರು!

ಈಗ ನಮ್ಮ ಪಂಚಾಂಗದ ಪಕ್ಕ ಇಟ್ಟು ನೋಡಿದರೆ ಸೊಗಸಾಗಿದೆ. ಈ ವರ್ಷ, ಅಂದರೆ 2026ರಲ್ಲಿ, ಉತ್ತರ ಭಾರತದವರು ಚೈತ್ರ ಹುಣ್ಣಿಮೆಯ ಹನುಮ ಜಯಂತಿ ಮಾಡಿದ್ದು ಏಪ್ರಿಲ್ 2ರ ಗುರುವಾರ, ಮರುದಿನ ಶುಭ ಶುಕ್ರವಾರ, 5ರಂದು ಈಸ್ಟರ್. 2024ರಲ್ಲಿ ಮಾತ್ರ ಲೆಕ್ಕಕ್ಕೆ ಸಿಕ್ಕಿದ್ದು ಫಾಲ್ಗುಣದ ಹುಣ್ಣಿಮೆ: ಮಾರ್ಚ್ 25ರಂದು ಹೋಳಿ, 31ಕ್ಕೆ ಈಸ್ಟರ್. ಆ ವಾರವನ್ನು ನೆನಪಿಟ್ಟುಕೊಳ್ಳಿ, ಮತ್ತೆ ಅಲ್ಲಿಗೇ ಬರುತ್ತೇನೆ.

ಮೊಟ್ಟೆ ಚಾಕೊಲೇಟ್ ಆದದ್ದು

ಕೋಳಿಮೊಟ್ಟೆ ಚಾಕೊಲೇಟ್ ಮೊಟ್ಟೆ ಆಗಲು ಯಂತ್ರ ಬೇಕಾಯಿತು. ಬಹುಕಾಲ ಕೊಕ್ಕೊ ಎಂದರೆ ಕುಡಿಯುವ ವಸ್ತು. 1828ರಲ್ಲಿ ಹಾಲೆಂಡಿನ ವಾನ್ ಹೌಟೆನ್ ಮನೆತನದವರು ಅರೆದ ಕೊಕ್ಕೊವನ್ನು ಒತ್ತಿ ಬೆಣ್ಣೆ ಬೇರ್ಪಡಿಸುವ ಯಂತ್ರಕ್ಕೆ ಹಕ್ಕುಪತ್ರ ಪಡೆದರು. ಆ ಬೆಣ್ಣೆಯನ್ನು ಮತ್ತೆ ಸೇರಿಸಿದರೆ ಚಾಕೊಲೇಟ್ ಅಚ್ಚಿಗೆ ಹೊಯ್ಯುವಷ್ಟು ತೆಳುವಾಗುತ್ತದೆ. ಬ್ರಿಸ್ಟಲ್‌ನ ಫ್ರೈ ಕಂಪನಿ 1873ರಲ್ಲಿ ಬ್ರಿಟನ್ನಿನ ಮೊದಲ ಟೊಳ್ಳು ಚಾಕೊಲೇಟ್ ಮೊಟ್ಟೆ ಮಾಡಿತು, ಎರಡು ವರ್ಷದ ಮೇಲೆ ಕ್ಯಾಡ್ಬರಿ. ನಾವು ಮಾಲಿನಲ್ಲಿ ಕಂಡ ಚಿನ್ನದ ಮೊಲದ ವಂಶ 1952ರದ್ದು, ಸ್ವಿಟ್ಜರ್ಲೆಂಡಿನ ಲಿಂಟ್ ಕಂಪನಿಯದು.

ದೆಹಲಿಯ ಹಳಬರಿಗೆ ಈಸ್ಟರ್ ಮೊಟ್ಟೆ ಅಂದರೆ ಕನಾಟ್ ಪ್ಲೇಸಿನ ವೆಂಗರ್ಸ್. ಸ್ವಿಸ್ ದಂಪತಿ 1926ರಲ್ಲಿ ಶುರುಮಾಡಿದ ಬೇಕರಿ. ಗೋಲ್ ಡಾಕ್‌ಖಾನಾ ಬಳಿಯ ಸೇಕ್ರೆಡ್ ಹಾರ್ಟ್ ಕೆಥೆಡ್ರಲ್‌ಗೆ ಹೋಗಿಬರುವಾಗ ಅಲ್ಲಿಗೊಂದು ಸುತ್ತು ಹಾಕುವುದು ಆಂಟಿಯ ಹಳೆಯ ಪದ್ಧತಿ. ಆದರೆ ಅವರಿಗೆ ಇಷ್ಟದ್ದು ಚಾಕೊಲೇಟ್ ಅಲ್ಲ, ಮಾರ್ಜಿಪಾನ್. ಯುರೋಪಿನಲ್ಲಿ ಅದನ್ನು ಬಾದಾಮಿಯಿಂದ ಮಾಡುತ್ತಾರೆ. ಗೋವಾ, ಮಂಗಳೂರಿಗೆ ಬಂದಾಗ ಅದು ಗೇರುಬೀಜದ್ದಾಯಿತು. ಗೇರುಬೀಜವನ್ನು ತಂದವರೂ ಪೋರ್ಚುಗೀಸರೇ, ಬ್ರೆಜಿಲ್‌ನಿಂದ. ಕೊಕ್ಕೊದ ಮೂಲವೂ ಅದೇ ದಕ್ಷಿಣ ಅಮೆರಿಕದ ಕಾಡು. ಎರಡೂ ಕೊನೆಗೆ ಬಂದು ನಿಂತದ್ದು ನಮ್ಮ ಗುಡ್ಡ ಮತ್ತು ತೋಟದಲ್ಲಿ.

ಅಜ್ಜನ ಮರ, ಅಪ್ಪನ ಕತ್ತಿ

ನಮ್ಮ ಮನೆಗೆ ಕೊಕ್ಕೊ ಬಂದದ್ದು ಎಪ್ಪತ್ತರ ದಶಕದಲ್ಲಿ. ಅಡಿಕೆ ಮರಗಳ ನಡುವೆ ಖಾಲಿ ಜಾಗ ಉಂಟು, ನೆರಳು ಉಂಟು, ನೀರು ಹೇಗೂ ಹಾಕುತ್ತೀರಿ, ಇದನ್ನು ನೆಡಿ ಎಂದು ಕಂಪನಿಯವರೂ ಇಲಾಖೆಯವರೂ ಹೇಳಿದರು. ಅಜ್ಜ ನೆಟ್ಟರು. ಕೊಂಬೆಗಿಂತ ಹೆಚ್ಚಾಗಿ ಕಾಂಡದಲ್ಲೇ ಹೂಬಿಟ್ಟು ಕಾಯಿ ಕಚ್ಚುವ ಮರವನ್ನು ಊರವರು ಮೊದಲು ವಿಚಿತ್ರವಾಗಿ ನೋಡಿದರಂತೆ. ಕಾಯಿ ಒಡೆದರೆ ಮೂವತ್ತು ನಲವತ್ತು ಬೀಜ, ಸುತ್ತ ಬಿಳಿ ತಿರುಳು, ಸಿಹಿಹುಳಿ ರುಚಿ. ನಾವು ಮಕ್ಕಳು ಅದನ್ನು ಚೀಪಿ ಬೀಜ ಎಲ್ಲೆಂದರಲ್ಲಿ ಉಗುಳಿ ಬೈಸಿಕೊಳ್ಳುತ್ತಿದ್ದೆವು. ಹಸಿ ಬೀಜವನ್ನು ಐದಾರು ದಿನ ರಾಶಿ ಹಾಕಿ ಹುಳಿಸಬೇಕು, ಆಮೇಲೆ ಬಿಸಿಲಲ್ಲಿ ಒಣಗಿಸಬೇಕು. ಚಾಕೊಲೇಟಿನ ಪರಿಮಳ ಹುಟ್ಟುವುದು ಹುರಿಯುವಾಗ. ಅದಕ್ಕೆ ಬೀಜವನ್ನು ಸಿದ್ಧಮಾಡುವುದು ಈ ಹುಳಿಸುವಿಕೆ. ಹತ್ತಿರ ಹೋದರೆ ಮೂಗಿಗೆ ವಿನೆಗರ್ ಹೊಡೆದ ಹಾಗೆ.

ಎಂಬತ್ತರ ಆಸುಪಾಸಿನಲ್ಲಿ ಲೋಕದ ಮಾರುಕಟ್ಟೆಯಲ್ಲಿ ಕೊಕ್ಕೊ ಬೆಲೆ ಕುಸಿಯಿತು. ನೆಡಿ ಎಂದು ಹೇಳಿದವರು ಕೊಳ್ಳುವುದನ್ನು ನಿಲ್ಲಿಸಿದರು. ಅಡಿಕೆಯಾದರೆ ಅಟ್ಟದಲ್ಲಿ ವರ್ಷವಿಡೀ ಇಟ್ಟು ಕಾಯಬಹುದು, ಹಸಿ ಕೊಕ್ಕೊವನ್ನು ಇಟ್ಟು ಏನು ಮಾಡುವುದು? ಎಷ್ಟೋ ತೋಟಗಳಲ್ಲಿ ಮರ ಕಡಿದರು. ಆಗ ಕೈಹಿಡಿದದ್ದು ಕ್ಯಾಂಪ್ಕೊ. ಅಡಿಕೆ ಬೆಲೆ ಬಿದ್ದು ಬೆಳೆಗಾರರು ಕಂಗಾಲಾದ ಹೊತ್ತಿನಲ್ಲಿ, 1973ರ ಜುಲೈ 11ರಂದು, ವಾರಣಾಶಿ ಸುಬ್ರಾಯ ಭಟ್ಟರ ಮುಂದಾಳತ್ವದಲ್ಲಿ ಕರ್ನಾಟಕ ಮತ್ತು ಕೇರಳದ ಬೆಳೆಗಾರರಿಗಾಗಿ ಹುಟ್ಟಿದ ಸಹಕಾರಿ ಅದು. ಅಡಿಕೆಗೆಂದು ಹುಟ್ಟಿದ ಸಂಸ್ಥೆ ಕೊಕ್ಕೊವನ್ನೂ ಕೊಳ್ಳತೊಡಗಿತು. ಕೊಂಡ ಬೀಜ ಎಲ್ಲಿಗೆ ಹೋಗಬೇಕು? ಹೊರದೇಶಕ್ಕೆ ಕಳಿಸುವುದೊಂದನ್ನೇ ನೆಚ್ಚಿದರೆ ಬೆಲೆ ಮತ್ತೆ ಅವರ ಕೈಯಲ್ಲಿ. ಹಾಗಾಗಿ ಪುತ್ತೂರಿನ ಕೆಮ್ಮಿಂಜೆಯಲ್ಲಿ ಚಾಕೊಲೇಟ್ ಕಾರ್ಖಾನೆಯನ್ನೇ ಕಟ್ಟಿದರು. 1986ರ ಸೆಪ್ಟೆಂಬರ್ 1ರಂದು ರಾಷ್ಟ್ರಪತಿ ಗ್ಯಾನಿ ಜೈಲ್ ಸಿಂಗ್ ಬಂದು ಉದ್ಘಾಟಿಸಿದರು.

ಅಜ್ಜಿ ಹೇಳುತ್ತಿದ್ದ ಮಾತೊಂದು ಈಗ ನೆನಪಾಗುತ್ತದೆ. ಅಜ್ಜ ಚಾಕೊಲೇಟ್ ಬಾಯಿಗಿಟ್ಟದ್ದು ಕಾರ್ಖಾನೆ ಶುರುವಾದ ಮೇಲಂತೆ. ಹತ್ತು ವರ್ಷ ಬೆಳೆದಿದ್ದರು, ಅದರಿಂದ ಏನಾಗುತ್ತದೆಂದು ನಾಲಗೆಗೆ ಗೊತ್ತಿರಲಿಲ್ಲ. ತಿಂದು, "ಇಷ್ಟಕ್ಕಾ ಇಷ್ಟೆಲ್ಲ?" ಎಂದರಂತೆ.

ಮುಂದಿನದ್ದು ಅಪ್ಪನ ಕಾಲ. ಅಡಿಕೆಗೆ ಒಳ್ಳೆಯ ದರ ಬಂತು, ತೋಟದ ಕೆಲಸಕ್ಕೆ ಜನ ಸಿಗುವುದು ಕಷ್ಟವಾಯಿತು. ಕೊಕ್ಕೊ ಎಂದರೆ ವಾರ ವಾರ ಕಾಯಿ ಕೊಯ್ಯಬೇಕು, ಒಡೆಯಬೇಕು, ಗೆಲ್ಲು ಸವರಬೇಕು. ಮಂಗ, ಅಳಿಲು ತಿಂದು ಉಳಿದದ್ದನ್ನು ಮಳೆಗಾಲದಲ್ಲಿ ಕಪ್ಪುಕಾಯಿ ರೋಗ ತಿನ್ನುತ್ತಿತ್ತು. ನಾನು ದೆಹಲಿಗೆ ಬಂದ ಮೇಲೆ, 2017ರಲ್ಲಿ, ಅಪ್ಪ ಇದ್ದ ಇನ್ನೂರೈವತ್ತು ಮರಗಳಲ್ಲಿ ಇನ್ನೂರನ್ನು ಕಡಿಸಿದರು. ನನ್ನನ್ನೂ ಕೇಳಿದ್ದರು. ಮೀಟಿಂಗಿನ ನಡುವೆ ಫೋನ್ ಎತ್ತಿ, ಲೆಕ್ಕ ಹಾಕಿದವನ ಹಾಗೆ "ಕಡಿಸಿ ಅಪ್ಪ, ಆದಾಯಕ್ಕಿಂತ ಖರ್ಚು ಹೆಚ್ಚು" ಎಂದಿದ್ದೆ.

ಇನ್ನು 2024ರ ಆ ವಾರ. ಜಗತ್ತಿನ ಅರ್ಧಕ್ಕಿಂತ ಹೆಚ್ಚು ಕೊಕ್ಕೊ ಬರುವುದು ಐವರಿ ಕೋಸ್ಟ್ ಮತ್ತು ಘಾನಾ ಎಂಬ ಎರಡು ದೇಶಗಳಿಂದ. ಅಲ್ಲಿ ಹವಾಮಾನ ಕೆಟ್ಟಿತು, ಮುದಿ ಮರಗಳಿಗೆ ರೋಗ ಬಿತ್ತು, ಬೆಳೆ ಇಳಿಯಿತು. 2023ರ ಆರಂಭದಲ್ಲಿ ಟನ್ನಿಗೆ 3 ಸಾವಿರ ಡಾಲರಿಗೂ ಕಡಿಮೆಯಿದ್ದ ಬೆಲೆ, ಹೋಳಿಯ ಮರುದಿನ ಅಂದರೆ ಈಸ್ಟರ್ ವಾರದ ಮಂಗಳವಾರ, ನ್ಯೂಯಾರ್ಕ್ ಮಾರುಕಟ್ಟೆಯಲ್ಲಿ ಮೊದಲ ಸಲ 10 ಸಾವಿರ ಡಾಲರ್ ದಾಟಿತು. ಪುತ್ತೂರಿನಲ್ಲೂ ಹಸಿ ಬೀಜಕ್ಕೆ ಯಾರೂ ಕಂಡು ಕೇಳರಿಯದ ದರ. ನಾನು ಸುದ್ದಿ ಓದಿ ಮನೆಗೆ ಫೋನ್ ಮಾಡಿದೆ. ಅಪ್ಪ ದರದ ಮಾತೇ ಎತ್ತಲಿಲ್ಲ. "ಇಲ್ಲಿ ಮಳೆ ಇಲ್ಲ, ಅಲ್ಲಿ ಸೆಕೆ ಹೇಗುಂಟು?" ಎಂದು ಕೇಳಿದರು. ಬೈದಿದ್ದರೆ ಒಳ್ಳೆಯದಿತ್ತು.

ಆ ಜೂನ್‌ನಲ್ಲಿ ಅವರು ಯಾರನ್ನೂ ಕೇಳದೆ ಅರುವತ್ತು ಕೊಕ್ಕೊ ಗಿಡ ನೆಟ್ಟರು. ಡಿಸೆಂಬರಿನಲ್ಲಿ 12 ಸಾವಿರ ದಾಟಿದ್ದ ಬೆಲೆ ಮತ್ತೊಂದು ವರ್ಷದೊಳಗೆ ಅದರ ಅರ್ಧಕ್ಕೆ ಇಳಿಯಿತು. ನಾನು ಈ ಸಲ ಸಲಹೆ ಕೊಡಲಿಲ್ಲ. ಸುಳ್ಯ ಕಡೆ ಹಳದಿ ಎಲೆ ರೋಗದಿಂದ ತೋಟಗಳೇ ಹೋಗಿವೆ, ಎಲೆಚುಕ್ಕಿ ರೋಗ ನಮ್ಮತ್ತಲೂ ಬಂದಿದೆ. ಅಡಿಕೆ ಒಂದನ್ನೇ ನಂಬಿ ಕೂರುವ ಧೈರ್ಯ ಅಪ್ಪನಿಗೀಗ ಇಲ್ಲ. ಭಾರತದಲ್ಲಿ ಬೆಳೆಯುವ ಕೊಕ್ಕೊ ವರ್ಷಕ್ಕೆ 30 ಸಾವಿರ ಟನ್ ಆಸುಪಾಸು, ಲೋಕದ ಬೆಳೆಯಲ್ಲಿ ನೂರಕ್ಕೆ ಒಂದೂ ಅಲ್ಲ. ನಾವು ತಿನ್ನುವ ಚಾಕೊಲೇಟಿಗೆ ಹೊರಗಿನಿಂದ ತರಿಸಲೇಬೇಕು. ಹಾಗಿದ್ದೂ ನಮ್ಮ ತೋಟದ ದರ ಆಫ್ರಿಕದ ಮಳೆಯ ಮೇಲೆ ನಿಂತಿದೆ.

ಬೂಷ್ಟು ಅಲ್ಲ, ಬೆಣ್ಣೆ

ಶುಭ ಶುಕ್ರವಾರದ ಸಂಜೆ ಆಂಟಿ ಬಾಗಿಲು ತಟ್ಟಿದರು. ಅವರ ಅಣ್ಣನ ಮಗ ಮಂಗಳಾ ಎಕ್ಸ್‌ಪ್ರೆಸ್‌ನಲ್ಲಿ ಬಂದಿದ್ದ, ಗೇರುಬೀಜ ತಂದಿದ್ದ. ನಮ್ಮಪ್ಪ ಅವನ ಕೈಯಲ್ಲಿ ಒಂದು ಡಬ್ಬ ತುಂಬ ಕ್ಯಾಂಪ್ಕೊ ಬಾರ್ ಕಳಿಸಿದ್ದರು. ಬಿಚ್ಚಿ ನೋಡಿದರೆ ಎಲ್ಲದರ ಮೇಲೂ ಬೂದಿ ಬಣ್ಣದ ಮಚ್ಚೆ. "ಛೀ, ಬೂಷ್ಟು" ಎಂದಳು ಮಗಳು. ಬೂಷ್ಟು ಅಲ್ಲ. ಕೊಕ್ಕೊ ಬೆಣ್ಣೆ ಕರಗುವುದು 34 ಡಿಗ್ರಿಯ ಸುತ್ತ, ನಮ್ಮ ಮೈಯ ಬಿಸಿಗಿಂತ ಸ್ವಲ್ಪ ಕೆಳಗೆ; ಬಾಯಲ್ಲಿಟ್ಟ ಕೂಡಲೇ ಕರಗುವ ಗುಟ್ಟು ಅದೇ. ರೈಲಿನ ಸೆಕೆಗೆ ಕರಗಿ ಮತ್ತೆ ತನ್ನಿಷ್ಟದಂತೆ ಗಟ್ಟಿಯಾದಾಗ ಬೆಣ್ಣೆ ಮೇಲೆ ಬಂದು ಹರಳುಗಟ್ಟುತ್ತದೆ. ತಿನ್ನಲು ಏನೂ ತೊಂದರೆಯಿಲ್ಲ.

ಆಂಟಿಯ ಬಳಿ ಊರಿಂದ ತಂದ ಹಳೆಯ ಮೊಟ್ಟೆ ಅಚ್ಚು ಇತ್ತು, ಎರಡು ಅರೆಗಳದ್ದು. ಇವನ್ನು ಕರಗಿಸಿ ಮೊಟ್ಟೆ ಮಾಡುವ ಎಂದೆ. ಶನಿವಾರ ಮಧ್ಯಾಹ್ನ ನಮ್ಮ ಅಡುಗೆಮನೆಯಲ್ಲಿ ಕಾರ್ಖಾನೆ ಶುರು. ಮೊದಲನೆಯದು ಅಚ್ಚಿಗೇ ಅಂಟಿಕೊಂಡು ಚೂರಾಯಿತು. ಆಗ ಓದಲು ಕೂತೆ. ಕೊಕ್ಕೊ ಬೆಣ್ಣೆ ಆರು ಬಗೆಯಲ್ಲಿ ಹರಳುಗಟ್ಟುತ್ತದಂತೆ; ಹೊಳೆಯುವುದು, ಟಕ್ಕೆಂದು ಮುರಿಯುವುದು ಐದನೆಯ ಬಗೆ. ಅದು ಬೇಕಾದರೆ ಹಾಲಿನ ಚಾಕೊಲೇಟನ್ನು 45 ಡಿಗ್ರಿಗೆ ಕಾಯಿಸಿ, ಕಲಕುತ್ತ 27ರ ಹತ್ತಿರಕ್ಕೆ ತಣಿಸಿ, ಮತ್ತೆ 29–30ಕ್ಕೆ ಏರಿಸಬೇಕು. ಹಾಗೆ ಮಾಡಿದರೆ ಗಟ್ಟಿಯಾಗುವಾಗ ಚೂರು ಕುಗ್ಗಿ, ಅಚ್ಚನ್ನು ತಾನೇ ಬಿಟ್ಟುಕೊಡುತ್ತದೆ. ಏಸಿ ಹಾಕಿ, ಥರ್ಮಾಮೀಟರ್ ಹಿಡಿದು ಕೂತದ್ದಕ್ಕೆ ನಾಲ್ಕನೆಯ ಮೊಟ್ಟೆ ಇಡಿಯಾಗಿ ಎದ್ದು ಬಂತು.

ಆಂಟಿ ಪಕ್ಕದಲ್ಲಿ ಗೇರುಬೀಜ ಅರೆದು, ಸಕ್ಕರೆ, ಪನ್ನೀರು ಹಾಕಿ ಮಗುಚುತ್ತಿದ್ದರು. ಚಮಚದ ತುದಿಯಲ್ಲಿ ಸ್ವಲ್ಪ ತೆಗೆದು ನನ್ನ ಕಡೆ ಚಾಚಿದರು. "ಸಕ್ಕರೆ ಸಾಕಾ ನೋಡು ಮಾರಾಯ."

"ನೀವೇ ನೋಡಿ ಆಂಟಿ."

"ನನಗೆ ಇವತ್ತು ರಾತ್ರಿ ಪೂಜೆ ಮುಗಿಯುವವರೆಗೆ ಇಲ್ಲ." ಈ 40 ದಿನ ಅವರು ಸಿಹಿ ಬಿಟ್ಟಿದ್ದರು. ಚಹಾಕ್ಕೂ ಸಕ್ಕರೆ ಇಲ್ಲ. ನಮ್ಮ ಮಹಡಿಯಲ್ಲೇ ಇದ್ದೂ ನಮಗೆ ಗೊತ್ತಿರಲಿಲ್ಲ.

ಆ ರಾತ್ರಿ ಅವರನ್ನು ಕೆಥೆಡ್ರಲ್‌ಗೆ ಕರೆದುಕೊಂಡು ಹೋದವನು ನಾನೂ ಹೊರಗೆ ನಿಂತು ನೋಡಿದೆ. ಕತ್ತಲಲ್ಲಿ ಹೊಸ ಬೆಂಕಿ ಹೊತ್ತಿಸಿ, ಅದರಿಂದ ದೊಡ್ಡ ಮೇಣದಬತ್ತಿ, ಅದರಿಂದ ಒಬ್ಬರಿಂದೊಬ್ಬರಿಗೆ ನೂರಾರು ಸಣ್ಣ ಬತ್ತಿಗಳು. ಮರಳಿ ನೊಯಿಡಾ ತಲುಪುವಾಗ ತಡರಾತ್ರಿ. ಕಾರಿನಲ್ಲೇ ಆಂಟಿ ಚೀಲದಿಂದ ಮೊಟ್ಟೆ ತೆಗೆದು ಕಿಟಕಿಯ ಅಂಚಿಗೆ ಕುಟ್ಟಿ ಒಡೆದರು. ಮಾರ್ಜಿಪಾನ್ ಮೊದಲು ತಿಂದರು, ಆಮೇಲೆ ಚಿಪ್ಪು. "ಸಕ್ಕರೆ ಸ್ವಲ್ಪ ಹೆಚ್ಚಾಯ್ತು, ನೀನು ಸರಿ ನೋಡಲಿಲ್ಲ" ಎಂದರು.

ಭಾನುವಾರ ಬೆಳಿಗ್ಗೆ ಮಗಳು ಅಜ್ಜನಿಗೆ ಕಾಲ್ ಮಾಡಿ ಮನೆಯಲ್ಲೇ ಮಾಡಿದ ಮೊಟ್ಟೆ ತೋರಿಸಿದಳು. "ಇದು ನಮ್ಮ ಊರಿಂದು ಅಜ್ಜ" ಎಂದಳು. ಅಪ್ಪ ತೋಟದಲ್ಲಿದ್ದರು. ಕ್ಯಾಮೆರಾ ತಿರುಗಿಸಿ 2024ರಲ್ಲಿ ನೆಟ್ಟ ಗಿಡವೊಂದರ ಕಾಂಡದ ಹತ್ತಿರ ಹಿಡಿದರು. ಸಿಗ್ನಲ್ ಕೆಟ್ಟು ಚಿತ್ರ ಒಡೆಯುತ್ತಿತ್ತು. ಬೆರಳಿನ ಉಗುರಿಗಿಂತ ಸಣ್ಣದು ಎರಡು ಬಿಳಿ ಹೂ ಕಾಣಿಸಿತು. "ಇದೆಲ್ಲ ನಿಲ್ಲುವುದಿಲ್ಲ, ಹೆಚ್ಚಿನವು ಉದುರುತ್ತವೆ" ಎನ್ನುತ್ತಿದ್ದರು ಅಪ್ಪ, ಮಗಳು ಇನ್ನೂ ಹತ್ತಿರ ಹಿಡಿಯಲು ಹೇಳುತ್ತಿದ್ದಳು.